ಒಂದೇ ಮಾದಪ್ಪ, ಬೇರೆ ಬೇರೆ ಉಪ್ಪು

ಡಿಸೆಂಬರ್ ೩, ಮಂಗಳವಾರ

ಅಮ್ಮನಿಗೆ ಬಿಪಿ ಏರಿದೆ. ಡಾಕ್ಟರು ಉಪ್ಪು ಬಿಡಿ ಎಂದರು. ಅದೇ ಹೊತ್ತಿಗೆ ಹೆಡ್ ಆಫೀಸಿನಿಂದ ಮೇಲ್ ಬಂತು: ಬದನಗುಪ್ಪೆ ಫ್ಯಾಕ್ಟರಿಯ ಪಾಸ್‌ವರ್ಡುಗಳಿಗೆ ಉಪ್ಪು ಸರಿಯಾಗಿ ಬಿದ್ದಿಲ್ಲ, ಬೇಗ ಹಾಕಿ. ಗುಂಡ್ಲುಪೇಟೆಯ ಅಡುಗೆಮನೆಯಲ್ಲಿ ಉಪ್ಪು ತೆಗೆಯುವುದು, ಬದನಗುಪ್ಪೆಯ ಸರ್ವರ್ ರೂಮಿನಲ್ಲಿ ಉಪ್ಪು ಹಾಕುವುದು. ಈ ತಿಂಗಳ ನನ್ನ ಬಾಳು ಇಷ್ಟೆ.

ಅರಿಶಿನದ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ನಾನು ಸಿಸ್ಟಮ್ ಅಡ್ಮಿನ್. ಅಮ್ಮನ ಬಾಯಲ್ಲಿ ಅದು 'ಸಿಸ್ಟರ್ ಅಡ್ಮಿಟ್' ಆಗಿ, ಬೀದಿಯವರೆಲ್ಲ ನನ್ನನ್ನು ನರ್ಸಮ್ಮ ಎಂದುಕೊಂಡು ಮಕ್ಕಳ ಕೆಮ್ಮಿಗೆ ಔಷಧ ಕೇಳುತ್ತಾರೆ. ಕೆಲಸ ಇನ್ನೂ ಕಾಂಟ್ರಾಕ್ಟ್ ಮೇಲೆ. ಮಾರ್ಚಿಗೆ ಖಾಯಂ ಮಾಡುತ್ತಾರಂತೆ. 'ಖಾಯಂ' ಎನ್ನುವುದು 'ಕಾಯಮ್ಮಾ' ಎನ್ನುವುದನ್ನೇ ಆಫೀಸಿನವರು ಮೊಟಕು ಮಾಡಿದ್ದಿರಬೇಕು. ವರ್ಷಗಳಿಂದ ಕಾಯುತ್ತಿದ್ದೇನೆ.

ಊಟಕ್ಕೆ ಕೂತಾಗ ಅಮ್ಮ ಕೇಳಿದಳು: "ಪಾಸ್ವರ್ಡಿಗೆ ಉಪ್ಪು ಹಾಕಕ್ಕೆ ಅದೇನು ಮಾವಿನಕಾಯಾ?"

ಹೇಳಿದೆ. ಆಪರೇಟಿಂಗ್ ಸಿಸ್ಟಮ್ಮಿನೊಳಗೆ ಬಾಗಿಲು ಕಾಯುವ ಒಂದು ಲೈಬ್ರರಿ ಇದೆ. ಪುಸ್ತಕ ಇಲ್ಲದ ಲೈಬ್ರರಿ. ಪಾಸ್‌ವರ್ಡನ್ನು ಅದು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ. ಅರಿಶಿನದ ಕೊಂಬಿನ ಹಾಗೆ ಅರೆದು ಪುಡಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಹ್ಯಾಶ್ ಎಂದು ಹೆಸರು. ಪುಡಿಯನ್ನು ಮತ್ತೆ ಕೊಂಬು ಮಾಡಲಾಗದು. ಮಾರನೆ ದಿನ ನೀನು ಬಂದು ಪಾಸ್‌ವರ್ಡ್ ಹೇಳಿದರೆ ಅದನ್ನೂ ಅರೆಯುತ್ತದೆ. ಎರಡು ಪುಡಿ ಹೊಂದಿದರೆ ಬಾಗಿಲು ತೆಗೆಯುತ್ತದೆ. ತೊಂದರೆ ಎಂದರೆ, ಇಬ್ಬರ ಪಾಸ್‌ವರ್ಡ್ ಒಂದೇ ಆದರೆ ಪುಡಿಯೂ ಒಂದೇ. ಫೈಲು ನೋಡಿದವರಿಗೆ ಗುಟ್ಟು ಗೊತ್ತಾಗಿಬಿಡುತ್ತದೆ. ಅದಕ್ಕೇ ಅರೆಯುವ ಮುಂಚೆ ಒಬ್ಬೊಬ್ಬರದಕ್ಕೂ ಬೇರೆ ಬೇರೆ ಉಪ್ಪು, ಒಂದು ಚಿಟಿಕೆ.

"ನಿಮ್ಮ ಕಂಪ್ನೀಲಿ ಹಾಕಿರ್ಲಿಲ್ವಾ?"

"ಸಿಸ್ಟಮ್ ಕೂರಿಸಿದೋನು ಹಾಕಿದ್ದ. ಎಲ್ಲರಿಗೂ ಒಂದೇ ಉಪ್ಪು, ಮದುವೆಮನೆ ಅಡುಗೆ ಥರ. ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ."

"ಅಷ್ಟಾದ್ರೂ ಹಾಕಿದ್ನಲ್ಲ ಪುಣ್ಯಾತ್ಮ" ಎಂದು ಅಮ್ಮ ತನ್ನ ಸಪ್ಪೆ ಸಾರನ್ನು ನೋಡಿ ನಿಟ್ಟುಸಿರುಬಿಟ್ಟಳು.

ಡಿಸೆಂಬರ್ ೫, ಗುರುವಾರ

ಇವತ್ತು ಫೈಲು ತೆರೆದೆ. ಒಂದು ಕಡೆ ಹೆಸರು, ಪಕ್ಕದಲ್ಲಿ ಹ್ಯಾಶ್. ತೂಕದ ಮೂಗಮ್ಮ, ಪ್ಯಾಕಿಂಗಿನ ಬಸವಮ್ಮ, ಲ್ಯಾಬಿನ ಮಾನಸ, ಗೇಟಿನ ಮಾರಯ್ಯ, ಎಲ್ಲರ ಪಕ್ಕದಲ್ಲೂ ಅಕ್ಷರಕ್ಕೆ ಅಕ್ಷರ ಅದೇ ಸಾಲು. ಮುಕ್ಕಾಲು ಫ್ಯಾಕ್ಟರಿ ಒಂದೇ ಪುಡಿ. ಪುಡಿಯಿಂದ ಕೊಂಬು ತಿಳಿಯದು ಎಂದು ಅಮ್ಮನಿಗೆ ಪಾಠ ಹೇಳಿದ್ದೆ. ಆದರೆ ಇದು ಯಾವ ಕೊಂಬು ಎಂದು ಕಂಡ ಕೂಡಲೇ ಗೊತ್ತಾಯಿತು, ಏಕೆಂದರೆ ನಯನಾ ಎಂಬ ನನ್ನ ಹೆಸರಿನ ಪಕ್ಕದಲ್ಲೂ ಅದೇ ಇತ್ತು.

ಉಘೇ ಮಾದಪ್ಪ.

ಕಂಪ್ಯೂಟರು ಬಂದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಇನ್ನು ಪಾಸ್‌ವರ್ಡ್ ಹಾಕಿ ಎಂದಾಗ ಯಾರಿಗೂ ಏನೂ ತೋಚಲಿಲ್ಲ. ಮೂಗಮ್ಮ, "ಮೊದ್ಲು ಮಾದಪ್ಪನ ಎಸ್ರಾಕಿ. ಮಿಕ್ಕಿದ್ದು ಅವ್ನೇ ನೋಡ್ಕತಾನೆ" ಎಂದಳು. ಎಲ್ಲರೂ ಹಾಕಿದರು. ಎಂ.ಎಸ್ಸಿ. ಓದಿದ ನಾನೂ ಹಾಕಿದೆ. ಅಂದಿನಿಂದ ಬೆಳಗಿನ ಪಾಳಿಯಲ್ಲಿ ಒಬ್ಬೊಬ್ಬರೂ ಕೀಲಿ ಒತ್ತುತ್ತ ಬಾಯಿಬಿಟ್ಟು "ಉಘೇ... ಮಾದಪ್ಪಾ" ಎನ್ನುತ್ತಾರೆ. ಲೋಕಕ್ಕೆಲ್ಲ ಪಾಸ್‌ವರ್ಡ್ ಎಂದರೆ ಗುಟ್ಟು, ನಮಗೆ ಜಯಘೋಷ. ಬದನಗುಪ್ಪೆಯಲ್ಲಿ ಗುಟ್ಟು ಗುಪ್ಪೆಗುಪ್ಪೆಯಾಗಿ ಬಿದ್ದಿದೆ.

ಬದಲಾಯಿಸಿಕೊಳ್ಳಿ ಎಂದು ಮೂಗಮ್ಮನಿಗೆ ಹೇಳಿನೋಡಿದೆ. ತಕ್ಕಡಿ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ದೇವ್ರ ಬದ್ಲಾಯ್ಸಕಾಯ್ತದ ಕಣವ್ವ? ನಿಮ್ಮಪ್ಪುನ್ ಎಸ್ರ ಬದ್ಲಾಯ್ಸಿದ್ದೀಯಾ ನೀನು?"

ಕಂಪನಿ ಬಸ್ಸಿನಲ್ಲಿ ಮನೆಗೆ ಬರುವಾಗ ಮಾನಸಳಿಗೆ ಇದನ್ನೆಲ್ಲ ಹೇಳಿದೆ. ತೆರಕಣಾಂಬಿಯ ಹುಡುಗಿ, ಬಿ.ಎಸ್ಸಿ. ಪ್ರತಿ ಲಾಟಿನ ಪುಡಿಯಲ್ಲೂ ಬಣ್ಣ ಬೆರೆತಿದೆಯೇ ಎಂದು ನೋಡಿ ಕಂಪ್ಯೂಟರಿನಲ್ಲಿ 'ಪಾಸ್' ಒತ್ತುವುದು ಅವಳ ಕೆಲಸ. ಅವಳು ಒತ್ತದೆ ಲಾರಿ ಗೇಟು ದಾಟದು.

"ಅಂದ್ರೆ ಅಕ್ಕ, ನಿಮ್ಮೆಸ್ರಲ್ಲಿ ನಾನು ಒಳಕ್ಕೋಗ್ಬೋದಾ?"

"ಹೋಗಬಹುದು. ನಿನ್ನ ಹೆಸರಲ್ಲಿ ನಾನೂ ಬಂದು ಅರಿಶಿನ ಪಾಸ್ ಮಾಡಬಹುದು."

"ಮಾಡ್ಬುಟ್ಟೀರಾ ಮತ್ತೆ! ಕಾಲೇಜಲ್ಲಿ ನೀವು ಪಾಸಾಗಿದ್ದೇ ಇನ್ನೊಬ್ರ ನೋಡ್ಕಂಡು ಅಂತ ಸುದ್ದಿ."

ಚಾಮರಾಜನಗರ ಬರುವ ತನಕ ನಕ್ಕೆವು. ಹಿಂದಿನ ಸೀಟಿನವರೂ ನಕ್ಕರು.

ಡಿಸೆಂಬರ್ ೮, ಭಾನುವಾರ

ಮಾನಸ ಬಂದಿದ್ದಳು, ಚೀಲದ ತುಂಬ ಸೊಗಡಿನ ಅವರೆಕಾಯಿ ಹೊತ್ತುಕೊಂಡು. ಅಮ್ಮನಿಗೆ ಖುಷಿಯೋ ಖುಷಿ. ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟಳು. ನನಗೆ ಸ್ಟೀಲ್ ಲೋಟ, ಅವಳಿಗೆ ಪೇಪರ್ ಲೋಟ.

"ಅಮ್ಮನಿಗೆ ಪಾತ್ರೆ ತೊಳೆಯೋಕೆ ಸೋಮಾರಿತನ" ಎಂದು ನಕ್ಕೆ.

"ನಮ್ಮನೇಲಿ ಸ್ಟೀಲ್ ಲೋಟಾನೇ ಕೊಡೋದು, ಬನ್ನಿ ಅಕ್ಕ" ಎಂದು ಅವಳೂ ನಕ್ಕಳು.

ಒಳ್ಳೆಯ ಹುಡುಗಿ. ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಡಿಸೆಂಬರ್ ೧೭, ಮಂಗಳವಾರ

ಕೇರಳಕ್ಕೆ ಹೋದ ಲೋಡು ವಾಪಸ್ ಬಂದಿದೆ. ರಾತ್ರಿ ಬಂಡೀಪುರದಲ್ಲಿ ಬಿಡುವುದಿಲ್ಲವಲ್ಲ, ಆ ಕಡೆಯೇ ಕಾದಿದ್ದು ಬೆಳಿಗ್ಗೆ ಬಂದು ಗೇಟಿನ ಮುಂದೆ ನಿಂತಿತ್ತು, ಬೈಸಿಕೊಂಡ ಎಮ್ಮೆಯ ಹಾಗೆ. ಪುಡಿಗೆ ಬಣ್ಣ ಬೆರೆಸಿದ್ದಾರೆ ಎಂದು ಅಲ್ಲಿನವರು ಬರೆದು ಕಳಿಸಿದ್ದಾರೆ.

ಯಾರು ಪಾಸ್ ಮಾಡಿದ್ದು? ಕಂಪ್ಯೂಟರು ಹೇಳುತ್ತದೆ: ಮಾನಸ, ಮಧ್ಯಾಹ್ನ, ಊಟದ ಹೊತ್ತು.

"ಆ ಲಾಟು ನನ್ನತ್ರ ಬಂದೇ ಇಲ್ಲ ಸಾರ್. ನಾನು ಬೇವಿನ ಮರದಡಿ ಉಣ್ತಿದ್ದೆ" ಎಂದಳು ಮಾನಸ.

"ನಮ್ಜೊತೇಲೇ ಕೂತಿದ್ಲು. ನನ್ ಬುತ್ತೀಲಿ ಕೈ ಆಕಿದ್ಲು" ಎಂದಳು ಮೂಗಮ್ಮ.

ಪ್ರೊಡಕ್ಷನ್ ನೋಡಿಕೊಳ್ಳುವ ಸೋಮೇಶ್ ಗೋಡೆಗೆ ಒರಗಿ ನಿಂತಿದ್ದ. "ಅವರವರ ಜನ ಅವರವರಿಗೆ ಹೇಳ್ತಾರೆ. ಕಂಪ್ಯೂಟರ್‌ಗೆ ಜನ ಅಂತ ಇಲ್ವಲ್ಲ."

ಮಾನಸಳನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಶುಕ್ರವಾರವಲ್ಲ, ಅದರಾಚೆ ಶುಕ್ರವಾರ ಎನ್‌ಕ್ವೈರಿ. ಕಲಬೆರಕೆ ಎಂದು ಹಣೆಗೆ ಅಂಟಿಸಿ ಕಳಿಸಿದರೆ ಯಾವ ಲ್ಯಾಬಿನವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಓದಿದ್ದಷ್ಟೂ ಹೊಳೆಗೆ.

ಬಸ್‌ಸ್ಟಾಪಿನಲ್ಲಿ ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ಆ ಫೈಲ್ ತೋರ್ಸ್ಬುಡಿ ಸಾಕು. ಎಲ್ರುದೂ ಒಂದೇ ಅಂತ ಕಣ್ಣಿಗೆ ಕಾಣ್ತದಲ್ಲ. ಯಾರಾದ್ರೂ ನನ್ನೆಸ್ರಲ್ಲಿ ಓಗಿರ್ಬೋದು ಅಂತ ಗೊತ್ತಾದ್ರೆ ಸಾಕು ನಂಗೆ."

"ತೋರಿಸ್ತೀನಿ ಕಣೆ. ಅಳಬೇಡ."

ನಿಜವೇ. ಯಾವ ಕಂಪ್ಯೂಟರಿನಿಂದ ಒತ್ತಿದರು ಎಂಬುದನ್ನು ನಮ್ಮ ಹಳೆಯ ಸಿಸ್ಟಮ್ ಬರೆದುಕೊಳ್ಳುವುದಿಲ್ಲ. ಅವಳ ಪಾಲಿಗೆ ಇರುವುದು ಆ ಫೈಲು ಒಂದೇ. ನಾಳೆಯೇ ಒಂದು ಪ್ರತಿ ತೆಗೆದಿಡಬೇಕು.

ಡಿಸೆಂಬರ್ ೧೯, ಗುರುವಾರ

ಪ್ರತಿ ತೆಗೆದು ಪೆನ್‌ಡ್ರೈವಿಗೆ ಹಾಕಿದೆ.

ಮಧ್ಯಾಹ್ನ ಮ್ಯಾನೇಜರು ಕರೆದರು. ಶಿವರುದ್ರಸ್ವಾಮಿ. ಅಮ್ಮನ ದೊಡ್ಡಪ್ಪನ ಮಗ. ಮನೆಯಲ್ಲಿ ಮಾವ, ಫ್ಯಾಕ್ಟರಿಯಲ್ಲಿ ಸರ್. ನನ್ನನ್ನು ಇಲ್ಲಿ ಸೇರಿಸಿದವರು ಅವರೇ. ಸೋಮೇಶ್ ಅವರ ಅಳಿಯನಾಗುವವನು.

"ಹೊಸ ಲೈಬ್ರರಿ ಯಾವಾಗಮ್ಮ ಹಾಕೋದು?"

"ಜನವರಿ ಹೊತ್ತಿಗೆ ಸರ್."

"ಸೋಮವಾರ ಮುಗಿಸಿಬಿಡು. ಎಲ್ಲರೂ ಹೊಸ ಪಾಸ್‌ವರ್ಡ್ ಹಾಕ್ಕೊಳ್ಳಲಿ. ಹಳೇದು ಒಂದಕ್ಷರ ಉಳೀಬಾರದು. ಭದ್ರತೆ ವಿಷಯ ನೋಡು."

"ಎನ್‌ಕ್ವೈರಿ ಮುಗಿಯೋ ತನಕ ಹಳೇ ಫೈಲ್..."

"ಹೆಡ್ ಆಫೀಸಿನವರು ಆ ಫೈಲ್ ನೋಡಿದ್ರೆ ಮೊದಲು ಏನು ಕೇಳ್ತಾರೆ ಹೇಳು? ಅಡ್ಮಿನ್ ಪಾಸ್‌ವರ್ಡ್ ಏನಿತ್ತು ಅಂತ." ಸಣ್ಣಗೆ ನಕ್ಕರು. ಬಸ್ಸಿನ ನಗು ಅವರ ತನಕ ಬಂದಿದೆ. "ನಿನ್ನ ಖಾಯಂ ಕಾಗದ ಇಲ್ಲೇ ಟೇಬಲ್ ಮೇಲಿದೆ ಕಣಮ್ಮ. ನಿಮ್ಮಮ್ಮ ಚಿಕ್ಕಮಲ್ಲಿಗೆ ಬಿಪಿ ಹೇಗಿದೆ?"

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ. ಇವರು ನೆನಪಿಸುವ ಕಷ್ಟವನ್ನೂ ತಾವೇ ತೆಗೆದುಕೊಂಡರು.

ಹಾಗೆ ನೋಡಿದರೆ ಉಪ್ಪು ಹಾಕು ಎಂದದ್ದು ಮೊದಲು ಹೆಡ್ ಆಫೀಸೇ. ಮಾಡಬೇಕಾದ ಕೆಲಸ ನಾಲ್ಕು ದಿನ ಮೊದಲಾದರೆ ತಪ್ಪೇನು?

ಡಿಸೆಂಬರ್ ೨೩, ಸೋಮವಾರ

ಮುಗಿಯಿತು. ಹೊಸ ಲೈಬ್ರರಿ ಕೂತಿತು. ಹಳೆಯ ಪಾಸ್‌ವರ್ಡಿನಿಂದ ಒಂದೇ ಒಂದು ಸಲ ಒಳಗೆ ಬಿಟ್ಟು, ಹೊಸದು ಕೊಟ್ಟ ಮೇಲೇ ಮುಂದಕ್ಕೆ ಬಿಡುತ್ತದೆ. ಹಳೆಯದನ್ನೇ ಮತ್ತೆ ಹಾಕಿದರೆ ಒಪ್ಪುವುದಿಲ್ಲ. ಒಬ್ಬೊಬ್ಬರಿಗೂ ಅದು ತಾನೇ ಆರಿಸಿದ ಬೇರೆ ಬೇರೆ ಉಪ್ಪು.

ಸಾಲುಗಟ್ಟಿಸಿ ಮಾಡಿಸಿದೆ. ಎಲ್ಲರೂ ಕಡೆಯ ಸಲ "ಉಘೇ" ಎಂದರು. ಬಸವಮ್ಮ ಕೈ ಮುಗಿದೇ ಕೀಲಿ ಒತ್ತಿದಳು. ಮೂಗಮ್ಮ ಕೊನೆಯವರೆಗೂ ಹಟ ಹಿಡಿದಳು.

"ಸೋಮಾರವೇ ಸಿಕ್ತಾ ನಿಂಗೆ, ಮಾದಪ್ಪನ್ನ ಬುಡ್ಸಕ್ಕೆ?"

"ಮಾದಪ್ಪ ಬೆಟ್ಟದಲ್ಲಿ ಇರ್ತಾನೆ ಮೂಗಮ್ಮ. ಸರ್ವರಲ್ಲಿ ಯಾಕೆ ಕೂಡಿಹಾಕ್ತೀಯಾ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಪ್ಯಾಕಿಂಗ್ ಚೀಲದ ಮೇಲಿದ್ದ ಯಾವುದೋ ನಂಬರು ನೋಡಿ ಹೊಡೆದಳು. ನಾಳೆ ಅವಳಿಗೇ ಅದು ನೆನಪಿರುವುದಿಲ್ಲ.

ಸಂಜೆ ಫೈಲು ನೋಡಿದೆ. ಒಂದು ಸಾಲಿನಂತೆ ಇನ್ನೊಂದಿಲ್ಲ. ಚೆಂಡುಹೂವಿನ ಹೊಲದ ಹಾಗಿದ್ದದ್ದು ಸಂತೆಯ ಹಾಗಾಗಿದೆ. ಸುಂದರವಾದ ಕೆಲಸ. ನಾನೇ ಹೇಳಿಕೊಳ್ಳಬೇಕು.

ಲ್ಯಾಬಿನ ಹುಡುಗಿ ಮೂರು ಸಲ ಫೋನ್ ಮಾಡಿದ್ದಾಳೆ. ಕಡೆಗೆ ತೆಗೆದೆ. "ಪ್ರತಿ ಐತಲ್ಲಕ್ಕ?" ಎಂದಳು. ಇದೆ ಎಂದೆ. ಇದೆಯಲ್ಲ.

ಡಿಸೆಂಬರ್ ೨೭, ಶುಕ್ರವಾರ

ಮೈಸೂರಿನ ಹೆಡ್ ಆಫೀಸಿನಿಂದ ಬಂದವರು ಗಂಗಾಂಬಿಕೆ ಮೇಡಂ. ಕನ್ನಡಕದ ಮೇಲಿಂದ ನೋಡುವವರು. ಒಳ್ಳೆಯವರಂತೆ ಕಂಡರು, ಅದೇ ಕಷ್ಟವಾಯಿತು. ಹುಡುಗಿ ಮೂಲೆಯ ಕುರ್ಚಿಯಲ್ಲಿ, ದುಪಟ್ಟಾದ ತುದಿ ಸುತ್ತುತ್ತ ಕೂತಿದ್ದಳು. ಪೆನ್‌ಡ್ರೈವ್ ನನ್ನ ಬ್ಯಾಗಿನಲ್ಲಿತ್ತು. ಟಿಫಿನ್ ಡಬ್ಬಿಯ ಕೆಳಗೆ.

"ನೀವು ಸಿಸ್ಟಮ್ ನೋಡ್ಕೊಳ್ಳೋರಲ್ವಾ? ಒಬ್ಬರ ಹೆಸರಲ್ಲಿ ಇನ್ನೊಬ್ಬರು ಒಳಗೆ ಹೋಗೋಕೆ ಸಾಧ್ಯ ಇದೆಯಾ?"

"ಒಬ್ಬೊಬ್ಬರದಕ್ಕೂ ಬೇರೆ ಉಪ್ಪು ಹಾಕಿ ಅರೆದಿಟ್ಟಿದೆ ಮೇಡಂ. ಎರಡು ಸಾಲು ಒಂದೇ ಥರ ಇಲ್ಲ. ನೋಡಬಹುದು." ಸ್ಕ್ರೀನ್ ತಿರುಗಿಸಿ ತೋರಿಸಿದೆ. ಮೇಡಂ ಮೇಲಿಂದ ಕೆಳಗೆ ಬೆರಳಾಡಿಸಿ ತಲೆದೂಗಿದರು.

ನಾನು ಸುಳ್ಳು ಹೇಳಲಿಲ್ಲ. ಇದ್ದದ್ದನ್ನೇ ತೋರಿಸಿದೆ.

"ಅಕ್ಕ," ಎಂದಿತು ಮೂಲೆಯ ದನಿ, "ಮಾದಪ್ಪನ ವಿಷ್ಯ ಏಳಿ."

"ಏನದು ಮಾದಪ್ಪ?" ಎಂದರು ಮೇಡಂ.

ಶಿವರುದ್ರಸ್ವಾಮಿ ಸರ್ ಕಿಟಕಿಯಾಚೆ ನೋಡುತ್ತಿದ್ದರು. ಸೋಮೇಶ್ ಮೊಬೈಲ್ ನೋಡುತ್ತಿದ್ದ. ಬಾಯಿಗೆ ಮೊದಲು ಬಂದದ್ದನ್ನು ಆಡಿದೆ, ಹುಟ್ಟು ಚಾಳಿ.

"ನಮ್ಮ ಜನ ಕಂಪ್ಯೂಟರ್ ಮುಟ್ಟೋವಾಗ ದೇವರನ್ನ ಕೂಗ್ತಾರೆ ಮೇಡಂ. ಕೈಲಾಗದ್ದನ್ನೆಲ್ಲ ಅವನ ಮೇಲೆ ಹಾಕೋದು ಅಭ್ಯಾಸ. ಈಗ ಪಾಸ್ ಒತ್ತಿದ್ದೂ ಅವನೇ ಅಂತಾರೇನೋ."

ಮೇಡಂ ನಕ್ಕುಬಿಟ್ಟರು. ಸರ್ ನಕ್ಕರು. ಸೋಮೇಶ್ ಮೇಜು ತಟ್ಟಿ ನಕ್ಕ. ಕಾಲೇಜಿನ ಹಾಸ್ಯ ಭಾಷಣಕ್ಕೂ ಇಷ್ಟು ನಗು ಬಿದ್ದಿರಲಿಲ್ಲ.

ಹುಡುಗಿ ನನ್ನನ್ನು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ವಾಸಿ ಇತ್ತು. ಎಲ್ಲರಿಗೂ ಕಾಫಿ ಬಂದಾಗ ಅವಳ ಮುಂದಿಟ್ಟ ಪೇಪರ್ ಲೋಟವನ್ನು ಮುಟ್ಟದೆ ಎದ್ದು ಹೋದಳು. ಸ್ವಲ್ಪ ಜಂಬ.

ಜನವರಿ ೫, ಭಾನುವಾರ

ಆ ಹುಡುಗಿಯ ಅಪ್ಪ ಪುಟ್ಟಮಾದು ಬಂದಿದ್ದ. ಗೇಟಿನಾಚೆ ಚಪ್ಪಲಿ ಬಿಟ್ಟು ನಿಂತಿದ್ದ, ಗೇಟಿನೊಳಕ್ಕೂ ಬಾರದೆ. ಕೈಯಲ್ಲಿ ಅವರೆಕಾಯಿ ಚೀಲ.

"ನಿಮ್ಮತ್ರ ಅದೆಂತದೋ ಪ್ರತಿ ಅದಂತಲ್ಲವ್ವ. ತೆಗ್ದಾಕೋ ಆರ್ಡ್ರು ಇನ್ನೂ ಬಂದಿಲ್ಲ. ಮೈಸೂರ್ಗೆ ತಕ್ಕೋಗಿ ಆ ಮೇಡಮ್ಮುನ್ಗೆ ಕೊಟ್ಬುಟ್ಟು ಬತ್ತೀನಿ."

"ಅಂಥ ಫೈಲು ಹೊರಗೆ ಕೊಡೋ ಹಾಗಿಲ್ಲ. ನಿಯಮ ಇದೆ."

"ನಿಯಮ ನಂಗೆ ತಿಳೀನಿಲ್ಲ. ಅವ್ಳು ನಿಮ್ಮನ್ನ ಅಕ್ಕ ಅಂತಿದ್ಲು."

ಅಮ್ಮ ಒಳಗಿಂದ ಬಂದು ಚೀಲ ಇಸಿದುಕೊಂಡಳು. ಅವನು ಕೊಟ್ಟು, ಖಾಲಿ ಚೀಲ ವಾಪಸ್ ಕೇಳದೆ ಹೋದ.

ನಿಯಮ ಇರುವುದು ನಿಜ. ಹಳೆಯ ಹ್ಯಾಶುಗಳನ್ನು ಇಟ್ಟುಕೊಳ್ಳುವುದೇ ತಪ್ಪು. ಸಂಜೆ ಪೆನ್‌ಡ್ರೈವ್ ಅಳಿಸಿ ಅಮ್ಮನಿಗೆ ಭಜನೆ ತುಂಬಿಸಿಕೊಟ್ಟೆ.

ಜನವರಿ ೮, ಬುಧವಾರ

ಸದರಿ ನೌಕರಳನ್ನು ಇಂದಿನಿಂದ ವಜಾ ಮಾಡಿ ಆದೇಶ ಬಂತು. ಅಕೌಂಟ್ ತೆಗೆದೆ. ಒಂದೇ ಕಮಾಂಡ್.

ಜನವರಿ ೨೦, ಸೋಮವಾರ

ಈಗ ಸೋಮೇಶನ ಕಾರಿನಲ್ಲಿ ಹೋಗಿ ಬರುತ್ತೇನೆ. ಬೇಗೂರಿನ ಹತ್ತಿರ ಅವನ ತೋಟ. ನನ್ನನ್ನು ಗುಂಡ್ಲುಪೇಟೆಯಲ್ಲಿ ಇಳಿಸಿ ಹೋಗುತ್ತಾನೆ. ಬಸ್ಸಿನ ಕುಲುಕಾಟ ತಪ್ಪಿತು. ಬಸ್ಸಿನಲ್ಲಿ ಈಚೆಗೆ ಯಾರೂ ಮಾತಾಡುತ್ತಲೂ ಇರಲಿಲ್ಲ.

ತೆರಕಣಾಂಬಿ ದಾಟುವಾಗ ಅವನೇ ಹೇಳಿದ: "ಅವತ್ತು ಲೋಡ್ ಹೋಗಲೇಬೇಕಿತ್ತು ಕಣ್ರೀ. ಅವಳು ಕೂತು ಟೆಸ್ಟ್ ಮಾಡಿದ್ರೆ ಸಂಜೆ ಆಗೋದು, ಬಂಡೀಪುರ ಮುಚ್ಚೋದು. ಹೆಸರು ಹೊಡೆದೆ, ಉಘೇ ಅಂದೆ, ತಕ್ಕೊಂತು."

"ಮಾದಪ್ಪ ಕೈ ಬಿಡಲ್ಲ" ಎಂದೆ.

ಅವನು ನಕ್ಕ. ನಾನೂ ನಕ್ಕೆ. ಎ.ಸಿ. ಜಾಸ್ತಿಯಾಗಿತ್ತು, ಕಡಿಮೆ ಮಾಡಿಸಿದೆ.

ಮಾರ್ಚ್ ೩, ಸೋಮವಾರ

ಖಾಯಂ ಆದೇಶ ಕೈಗೆ ಬಂತು. ಆಡಿಟ್‌ನವರು ಹೊಸ ವ್ಯವಸ್ಥೆಯನ್ನು ಮೆಚ್ಚಿ ಬರೆದಿದ್ದಾರೆ. ಪೇಡ ಹಂಚಿದೆ. ತೂಕದ ವಿಭಾಗದ ಹೆಂಗಸರು ತೆಗೆದುಕೊಂಡು, ತಿನ್ನದೆ, ತಕ್ಕಡಿಯ ಪಕ್ಕ ಸಾಲಾಗಿ ಇಟ್ಟರು. ಕೈಗೆಲ್ಲ ಅರಿಶಿನ ಇತ್ತು, ಅದಕ್ಕೇ ಇರಬೇಕು.

ಮೂಗಮ್ಮ ಮತ್ತೆ ಪಾಸ್‌ವರ್ಡ್ ಮರೆತಿದ್ದಳು. ಉಪ್ಪು ಹಾಕಿ ಅರೆದದ್ದು, ನಾನೂ ಹೇಳಲಾರೆ. ಹೊಸದೇ ಕೊಡಬೇಕು.

"ಮರೆಯದಂಥದ್ದು ಯಾವುದಾದ್ರೂ ಹಾಕು ಮೂಗಮ್ಮ. ಇಂಗ್ಲಿಷಲ್ಲಿ ಎಂಟಕ್ಷರಕ್ಕೆ ಕಮ್ಮಿ ಇರಬಾರದು."

ಅವಳು ಒಂದೇ ಬೆರಳಲ್ಲಿ, ಒಂದೊಂದೇ ಕೀಲಿ ಹುಡುಕಿ, ಮೊದಲಿನ ಹಾಗೇ ಬಾಯಿಬಿಟ್ಟು ಹೇಳುತ್ತ ಒತ್ತಿದಳು. "ಮಾ... ನ... ಸ... ವ್ವ."

"ಹೆಸರು ಹಾಕಬಾರದು" ಎಂದೆ.

"ದೇವ್ರ ಎಸ್ರು ಬ್ಯಾಡ ಅಂದೆ, ಬುಟ್ಟೊ. ಮನ್ಸರ ಎಸ್ರೂ ಬ್ಯಾಡ್ವಾ?"

"ಅದಲ್ಲ. ಹಾಗೆ ಜೋರಾಗಿ ಹೇಳಬಾರದು. ಯಾರಿಗಾದ್ರೂ ಕೇಳಿಸುತ್ತೆ."

"ಕೇಳ್ಲಿ ಬುಡವ್ವ. ಕೇಳ್ಲಿ ಅಂತ್ಲೇ."

ಪಕ್ಕದ ಕಂಪ್ಯೂಟರಿನಲ್ಲಿ ಬಸವಮ್ಮ ಒಳಗೆ ಹೋಗುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಅದರಾಚೆ ಇನ್ನೊಬ್ಬಳದು. ಮಿಷನ್ನಿನ ಸದ್ದಿನಲ್ಲಿ ಏನೂ ಕೇಳಲಿಲ್ಲ.

ಸರ್ವರ್ ರೂಮಿಗೆ ಬಂದು ಫೈಲು ತೆರೆದೆ. ಮೇಲಿಂದ ಕೆಳಗಿನ ತನಕ ನೋಡಿದೆ. ಒಂದು ಸಾಲಿನಂತೆ ಇನ್ನೊಂದಿಲ್ಲ. ಎಷ್ಟು ಜನ ಏನು ಹಾಕಿಕೊಂಡಿದ್ದಾರೋ ಅಡ್ಮಿನ್ನಿಗೂ ಕಾಣದು. ಒಬ್ಬೊಬ್ಬರ ಹೆಸರಿನ ಮುಂದೂ ಮೂಗಮ್ಮ ಹಾಕಿದ್ದನ್ನೇ ಟೈಪ್ ಮಾಡಿ ನೋಡಬಹುದಿತ್ತು. ಕೀಲಿಯ ಮೇಲೆ ಬೆರಳಿಟ್ಟೆ, ತೆಗೆದೆ. ಗಟ್ಟಿ ವ್ಯವಸ್ಥೆ. ಆಡಿಟ್‌ನವರು ಸುಮ್ಮನೆ ಮೆಚ್ಚಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅಮ್ಮ ಕೇಳಿದಳು: "ಆ ತೆರಕಣಾಂಬಿ ಹುಡುಗಿ ಯಾಕಮ್ಮಿ ಈಚೆಗೆ ಬರೋದೇ ಇಲ್ಲ? ಅವರೆಕಾಯಿ ತರ್ತಿದ್ಲಲ್ಲ?"

"ಅವರೆಕಾಯಿ ಕಾಲ ಮುಗೀತಲ್ಲಮ್ಮ" ಎಂದೆ.

ಸುಳ್ಳಲ್ಲ.